ಅಂಜಲೈ ಆಡದ ಮಾತು, ನೀವು ಕಳಿಸದ ಗಾಡಿ

ಮೈಸೂರಿನ ಒಂದು ಸುವಾರ್ತಾ ಸಂಸ್ಥೆಯ ನಿರ್ದೇಶಕರಿಗೆ.
(ಹೆಸರು ಬರೆಯುವುದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.)

ಮಾನ್ಯರೇ,

ಕಳೆದ ಜನವರಿ ಹದಿನೈದು, ಶನಿವಾರ ಬೆಳಗ್ಗೆ ಗಾಡಿ ಕಳಿಸುತ್ತೇವೆಂದು ಕಾಲು ಮುರಿದು ಕೂತಿದ್ದ ಒಬ್ಬ ತಾಯಿಗೆ ನೀವು ಮಾತು ಕೊಟ್ಟಿರಿ, ಕಳಿಸಲಿಲ್ಲ. ಆಮೇಲೆ ಅದೇ ತಾಯಿಯ ಫೋಟೋವನ್ನು ನಿಮ್ಮ ಮಾಸಪತ್ರಿಕೆಯ ಮುಖಪುಟಕ್ಕೆ ಹಾಕಿ, ಆಕೆ ಆಡದ ಮಾತನ್ನು ಆಕೆಯ ಬಾಯಿಗೆ ತುರುಕಿ, ಕೆಳಗೆ ‘ಅನುವಾದ: ಸಹೋದರ ಪ್ರಭುಸ್ವಾಮಿ, ತಾಳವಾಡಿ’ ಎಂದು ಅಚ್ಚು ಹಾಕಿಸಿದಿರಿ. ಈ ಎರಡು ಕೆಲಸಕ್ಕಾಗಿ ನೀವು ನಾಲ್ಕು ಜನರ ಮುಂದೆ ತಲೆತಗ್ಗಿಸಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ. ಇದಕ್ಕಿಂತ ಘನವಾದ ಉದ್ದೇಶ ನನಗಿಲ್ಲ. ಖಾಸಗಿಯಾಗಿ ಮೂರು ಪತ್ರ ಬರೆದು ನೋಡಿದೆ. ಮೂರಕ್ಕೂ ಉತ್ತರವಾಗಿ ಬಿಳಿ ಹೂವಿನ ಚಿತ್ರವಿದ್ದ, ಅಚ್ಚಾದ ಆಶೀರ್ವಾದದ ಕಾರ್ಡು ಬಂತು. ಮೂರನೆಯ ಕಾರ್ಡು ಬಂದ ದಿನ ನಿಮ್ಮ ಮೇಲಿದ್ದ ನನ್ನ ಮರ್ಯಾದೆ ಮುಗಿಯಿತು.

ನಾನು ಯಾರೆಂದು ನಿಮ್ಮ ಓದುಗರಿಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಆ ಪ್ರಭುಸ್ವಾಮಿ ನಾನೇ, ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ಪಣಕಹಳ್ಳಿಯ ಕನ್ನಡ ಮೇಷ್ಟ್ರು. ನಿಮ್ಮ ಸಭೆಗೆ ಸೇರಿದವನಲ್ಲ, ಯಾರ ಸಹೋದರನೂ ಅಲ್ಲ. ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಎರಡೂ ಹುಟ್ಟಿನಿಂದ ಬಂದವು. ಸುನಾಮಿ ಬಂದು ಹದಿನೈದು ದಿನಕ್ಕೆ ನಿಮ್ಮ ಹದಿನಾಲ್ಕು ಜನರ ತಂಡ ಐದು ದಿನದ ಸೇವೆಗೆಂದು ನಾಗಪಟ್ಟಣದ ಕಡೆಗೆ ಹೊರಟಾಗ ನಿಮಗೆ ಬೇಕಾಗಿದ್ದು ಆ ಎರಡು ಮಾತು. ಆ ಹದಿನಾಲ್ಕರಲ್ಲಿ ಒಬ್ಬರಿಗೂ ತಮಿಳು ಬರುತ್ತಿರಲಿಲ್ಲ. ದಾರಿಯಲ್ಲಿ ನಮ್ಮ ಊರಿಗೆ ಬಂದು ಶಾಲೆಯ ಬಾಗಿಲಲ್ಲಿ ನಿಂತು ಕೈಮುಗಿದಿರಿ. “ಮೇಷ್ಟ್ರೇ, ನಮಗೆ ಕೈಕಾಲು ಇದೆ, ನಾಲಿಗೆ ಇಲ್ಲ. ಐದು ದಿನ ನಮ್ಮ ನಾಲಿಗೆಯಾಗಿ ಬನ್ನಿ” ಎಂದಿರಿ. ಚೆನ್ನಾಗಿ ಮಾತಾಡುತ್ತೀರಿ, ಒಪ್ಪುತ್ತೇನೆ. ಸಂಕ್ರಾಂತಿ ಹಬ್ಬ ಬಿಟ್ಟು, ರಜೆ ಹಾಕಿ ನಿಮ್ಮ ವ್ಯಾನು ಹತ್ತಿದೆ.

ನಾನೊಬ್ಬನೇ ಹತ್ತಲಿಲ್ಲ, ನೆನಪಿರಬಹುದು. ಊರಿನವರು ರಾಗಿ, ಜೋಳ, ಆಲೂಗಡ್ಡೆ ತಂದು ತುಂಬಿದರು. ನಮ್ಮ ಬೀದಿಯ ಪುಟ್ಟನಂಜಮ್ಮ ತಾನು ಹೊದೆಯುತ್ತಿದ್ದ ಕಂಬಳಿಯನ್ನೇ ಮಡಚಿ ನನ್ನ ಕೈಗೆ ಕೊಟ್ಟು, “ನೀರಲ್ಲಿ ನೆಂದವ್ರು ಕಣಪ್ಪ, ಚಳೀಲಿ ನಡುಗ್ತಿರ್ತಾರೆ. ಇದ ಒದ್ಕಳಾಕೆ ಕೊಡು. ನಂಗೇನು, ಒಲೆ ಮುಂದೆ ಕುಂತ್ಕಂಡೇನು” ಎಂದಳು. ಆಕೆ ಯಾವ ದೇವರ ಹೆಸರನ್ನೂ ಹೇಳಲಿಲ್ಲ. ಕಂಬಳಿ ಕೊಡುವಾಗ ಯಾರೂ ತನ್ನ ಫೋಟೋ ತೆಗೆಯಲಿಲ್ಲವಲ್ಲ ಎಂದು ಬೇಜಾರೂ ಮಾಡಿಕೊಳ್ಳಲಿಲ್ಲ.

ನಿಮ್ಮ ತಂಡದವರೆಲ್ಲ ಕೆಟ್ಟವರೆಂದು ನಾನು ಹೇಳಿದರೆ ಅದು ಸುಳ್ಳಾದೀತು. ನಿಮ್ಮ ಜೊತೆ ಬಂದಿದ್ದ ಆ ನರ್ಸ್ ಹುಡುಗಿ ದಿನವಿಡೀ ಮಣ್ಣಿನಲ್ಲಿ ಕೂತು ಜನರ ಕೀವು ತೊಳೆದಳು. ಅವಳು ಪ್ರಾರ್ಥಿಸಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ, ಕೈಯ ಕೆಲಸ ಮಾತ್ರ ಕಣ್ಣಿಗೆ ಬಿತ್ತು. ನನ್ನ ಜಗಳ ನಿಮ್ಮ ದೇವರೊಂದಿಗೂ ಅಲ್ಲ. ಆತ ಬಡವರ ನಡುವೆ ಓಡಾಡಿಕೊಂಡಿದ್ದವನೆಂದು ಕೇಳಿದ್ದೇನೆ. ಕ್ಯಾಮೆರಾ ಹಿಡಿದುಕೊಂಡು ಓಡಾಡಿದನೆಂದು ಮಾತ್ರ ಯಾರೂ ಹೇಳಿಲ್ಲ. ನನ್ನ ಜಗಳ ನಿಮ್ಮೊಬ್ಬರ ಜೊತೆ.

ಜನವರಿ ಹದಿಮೂರು, ಗುರುವಾರ. ಮೀನುಗಾರರ ಆ ಕೇರಿಯಲ್ಲಿ, ಅವರ ಮಾತಿನಲ್ಲಿ ಕುಪ್ಪದಲ್ಲಿ, ಗೋಡೆ ನಿಂತಿದ್ದ ಮನೆಗಳು ಏಳೋ ಎಂಟೋ. ತಾಡಪಾಲಿನ ಕೆಳಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಂಜಲೈ ಎಂಬ ಹೆಂಗಸು ಕೂತಿದ್ದರು. ಗಂಡನ ಹೆಣ ಸಿಕ್ಕಿ ಮಣ್ಣಾಗಿತ್ತು. ಆರು ವರ್ಷದ ಮಗಳು ಸೆಲ್ವಿಯ ಸುಳಿವಿರಲಿಲ್ಲ. ವಿಡಿಯೋದವನನ್ನೂ ಫೋಟೋದವನನ್ನೂ ನಿಲ್ಲಿಸಿ ನೀವು ನನಗೆ ಹೇಳಿದಿರಿ: “ಇಷ್ಟು ದುಃಖದಲ್ಲೂ ಇವರಿಗೆ ಸಮಾಧಾನ ಸಿಕ್ಕಿದೆಯಾ ಅಂತ ಕೇಳಿ.” ಕೇಳುವಾಗ ನನಗೆ ನಾಚಿಕೆಯಾಯಿತು, ಆದರೂ ಕೇಳಿದೆ. ಆಕೆ ಕ್ಯಾಮೆರಾ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತ ಹೇಳಿದ್ದು ಇದು. ಆವತ್ತು ಸ್ಥಳದಲ್ಲೇ ನಿಮಗೆ ಹೇಳಿದ್ದೆ, ಈಗ ಎಲ್ಲರಿಗೂ ಹೇಳುತ್ತಿದ್ದೇನೆ:

“ಸಮಾಧಾನದ ವಿಷಯ ಆಮೇಲೆ ಕೇಳು. ತಂಜಾವೂರಿನ ಆಸ್ಪತ್ರೆಯಲ್ಲಿ ಹೆಸರು ಹೇಳಲಾಗದ ಮಕ್ಕಳು ಮಲಗಿವೆಯಂತೆ. ಅದರಲ್ಲಿ ನನ್ನ ಸೆಲ್ವಿ ಇದ್ದರೂ ಇರಬಹುದು. ಈ ಕಾಲಿಟ್ಟುಕೊಂಡು ನನ್ನ ಕೈಲಿ ಬಸ್ಸು ಹತ್ತಲಾಗಲ್ಲ. ಇಲ್ಲಿರುವ ಗಂಡಸರೆಲ್ಲ ಅವರವರ ಹೆಣ ಹುಡುಕುತ್ತಿದ್ದಾರೆ. ನಿಮ್ಮ ಹತ್ತಿರ ಗಾಡಿ ಇದೆ. ಒಂದು ಸಲ ಕರೆದುಕೊಂಡು ಹೋಗಿ, ನೋಡಿಬಿಡುತ್ತೇನೆ.”

ಇದರಲ್ಲಿ ನಿಮಗೆ ಅರ್ಥವಾಗದ್ದು ಏನಿತ್ತು? ಅರ್ಥವಾಯಿತು. “ಖಂಡಿತ. ನಾಳೆ ಆಗಲ್ಲ, ಶನಿವಾರ ಬೆಳಗ್ಗೆ ಐದಕ್ಕೆ ನಮ್ಮ ಗಾಡಿ ಬರುತ್ತೆ ಅಂತ ಹೇಳಿ” ಎಂದಿರಿ. ಅದೇ ಉಸಿರಿನಲ್ಲಿ, “ಈಗ ಒಂದ್ಸಲ ಕ್ಯಾಮೆರಾ ಕಡೆ ತಿರುಗೋಕೆ ಹೇಳಿ” ಎಂದಿರಿ. ಮೊದಲನೆಯದನ್ನು ಮಾತ್ರ ತಮಿಳಿನಲ್ಲಿ ಹೇಳಿದೆ. “ಶನಿಕ್ಕಿಳಮೈ ಕಾಲೈಲೆ ಅಂಜು ಮಣಿಕ್ಕು ವಂಡಿ ವರುಂ, ಅಕ್ಕಾ.” ಶನಿವಾರ ಬೆಳಗ್ಗೆ ಐದಕ್ಕೆ ಗಾಡಿ ಬರುತ್ತೆ, ಅಕ್ಕಾ. ಆ ‘ಅಕ್ಕಾ’ ನೀವು ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಆಕೆ ನನ್ನ ಕೈ ಹಿಡಿದುಕೊಂಡರು. ಆ ಗಳಿಗೆಯಲ್ಲೇ ನಿಮ್ಮ ಕ್ಯಾಮೆರಾ ಕ್ಲಿಕ್ ಎಂದಿತು. ನಿಮ್ಮ ಮುಖಪುಟದಲ್ಲಿರುವುದು ಅದೇ ಫೋಟೋ. ಆಕೆಯ ಮುಖದಲ್ಲಿ ಹೊಳೆಯುತ್ತಿರುವುದು ಸಮಾಧಾನವಲ್ಲ, ಸ್ವಾಮೀ. ಅದು ನಿಮ್ಮ ಗಾಡಿಯ ಮೇಲಿಟ್ಟ ನಂಬಿಕೆ. ನನ್ನನ್ನು ಮಾತ್ರ ನೀಟಾಗಿ ಕತ್ತರಿಸಿ ತೆಗೆದಿದ್ದೀರಿ. ಆಕೆಯ ಕೈಯೊಳಗೆ ನನ್ನ ಎರಡು ಬೆರಳು ಉಳಿದುಕೊಂಡಿವೆ, ನೋಡಿ.

ಶುಕ್ರವಾರ ಗಾಡಿಗೆ ಏಕೆ ಬಿಡುವಿರಲಿಲ್ಲ? ಸಂಜೆಯ ಸಿನಿಮಾ ಪ್ರದರ್ಶನಕ್ಕೆ ಜನರೇಟರ್ ತರಲು ಹೋಗಿತ್ತು. ಮನೆ, ಮಕ್ಕಳು, ದೋಣಿ ಎಲ್ಲ ಕಳೆದುಕೊಂಡವರಿಗೆ ನೀವು ಪರದೆ ಕಟ್ಟಿ ಸಿನಿಮಾ ತೋರಿಸಿದಿರಿ. ಇರಲಿ, ಅದೂ ಒಂದು ಸೇವೆ ಎಂದುಕೊಳ್ಳೋಣ. ಶನಿವಾರ ಸಂಜೆ ಹೊರಡಬೇಕಿದ್ದ ತಂಡವನ್ನು ಬೆಳಗಿನ ನಾಲ್ಕಕ್ಕೇ ಹೊರಡಿಸಿದ್ದು ಯಾವ ಸೇವೆ? ಭಾನುವಾರ ಮೈಸೂರಿನ ಕೃತಜ್ಞತಾ ಸಭೆಯ ವೇದಿಕೆಯಲ್ಲಿ ಮುಖಗಳು ನಿದ್ದೆಗೆಟ್ಟು ಬಾಡಿರಬಾರದು ಎಂದಿರಿ. ಮುಖ ತಾಜಾ ಇರಬೇಕು, ಆದರೆ ಟೀಶರ್ಟುಗಳನ್ನು ಯಾರೂ ಒಗೆಯಕೂಡದು, ಆ ಕೆಸರಿನ ಸಮೇತ ವೇದಿಕೆ ಹತ್ತಬೇಕು ಎಂದೂ ಹೇಳಿದಿರಿ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಹದಿನಾಲ್ಕು ಜನ ಕೇಳಿಸಿಕೊಂಡಿದ್ದಾರೆ. ಅವರಲ್ಲಿ ಒಬ್ಬರಾದರೂ ಎದ್ದುನಿಂತು ನಾನು ಸುಳ್ಳಾಡುತ್ತಿದ್ದೇನೆಂದು ಹೇಳಲಿ.

ನಾನು ಸುಮ್ಮನಿರಲಿಲ್ಲ. “ಸಾರ್, ಆ ಅಂಜಲೈ ಕಾಯ್ತಿರ್ತಾರೆ. ತಂಜಾವೂರು ನಮ್ಮ ದಾರೀಲೇ ಸಿಕ್ಕುತ್ತೆ, ಕೂರಿಸಿಕೊಂಡು ಹೋಗೋಣ” ಎಂದೆ. “ಪ್ಲಾಸ್ಟರ್ ಹಾಕಿರೋ ಹೆಂಗಸನ್ನ ಕರ್ಕೊಂಡು ಹೋದ್ರೆ ವಾಪಸ್ ಯಾರು ಬಿಡ್ತಾರೆ ಮೇಷ್ಟ್ರೇ? ಇಲ್ಲಿ ಬೇರೆ ಸಂಸ್ಥೆಯವರು ಬೇಕಾದಷ್ಟು ಇದ್ದಾರೆ, ನೋಡ್ಕೋತಾರೆ. ಅಲ್ಲಿ ಎಂಟುನೂರು ಜನ ನಮಗೋಸ್ಕರ ಕಾಯ್ತಿದ್ದಾರೆ” ಎಂದಿರಿ. ನರ್ಸ್ ಹುಡುಗಿ ಅಳತೊಡಗಿದಳು. ಪ್ರಾರ್ಥಿಸಿಕೋ ಎಂದಿರಿ. ನಾನು ಆವತ್ತು ಇಳಿಯಬಹುದಿತ್ತು. ವ್ಯಾನಿನ ಬಾಗಿಲು ನನ್ನ ಮಗ್ಗುಲಲ್ಲೇ ಇತ್ತು, ಜೇಬಿನಲ್ಲಿ ಬಸ್ಸಿಗೆ ಕಾಸೂ ಇತ್ತು. ಇಳಿಯಲಿಲ್ಲ. ಐದು ದಿನದ ದಣಿವು, ದೊಡ್ಡವರ ಮಾತು, ಬೇರೆಯವರು ನೋಡಿಕೊಳ್ಳುತ್ತಾರೆಂಬ ನೆಪ. ನನ್ನ ಪಾಲಿನ ಪಾಪವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ಪಾಲಿನದೇ ನಿಮಗೆ ಸಾಕಷ್ಟಿದೆ.

ಏಳು ಗಂಟೆಗೆ ತಂಜಾವೂರಿನಲ್ಲಿ ಗಾಡಿ ನಿಲ್ಲಿಸಿ ಇಡ್ಲಿ ತಿಂದೆವು. ಚಟ್ನಿ ಚೆನ್ನಾಗಿದೆ ಎಂದು ನೀವು ಎರಡು ಸಲ ಹಾಕಿಸಿಕೊಂಡಿರಿ. ಸಂಜೆ ದಿಂಬಂ ಘಾಟಿ ಹತ್ತಿ ಚಹಾ ಕುಡಿದು ನನ್ನನ್ನು ಇಳಿಸಿ, ಅಪ್ಪಿಕೊಂಡು, “ದೇವರು ನಿಮ್ಮ ನಾಲಿಗೆಯನ್ನು ಉಪಯೋಗಿಸಿಕೊಂಡ” ಎಂದಿರಿ.

ಮನೆಗೆ ಬಂದು ಹೆಂಡತಿ ಪ್ರೇಮಳಿಗೆ ನಡೆದದ್ದೆಲ್ಲ ಹೇಳಿದೆ. ಅವಳು ನನಗೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. “ಆವಮ್ಮ ನಂಬ್ಕಂಡದ್ದು ಆ ಮೈಸೂರ್ನವ್ರ ಬಾಯ ಅಲ್ಲ ಕಣ್ರೀ, ನಿಮ್ಮ ಬಾಯ. ಆವಯ್ಯ ಏನಂದ ಅಂತ ಅವಳಿಗೇನ್ ಗೊತ್ತು? ಅಕ್ಕಾ ಅಂದು ಬುಟ್ಟು ಬಂದ್ಬುಟ್ರಲ್ಲ, ಓಗಿ ನೋಡ್ಕಂಡ್ ಬರಾನ ನಡೀರಿ” ಎಂದಳು. ಶಾಲೆಯ ರಜೆ ಮುಗಿದಿತ್ತು. ಆ ನೆಪ, ಈ ನೆಪ ಎಂದು ಮೂರು ವಾರ ದೂಡಿದೆ. ಫೆಬ್ರವರಿ ಮೊದಲ ವಾರ ಇಬ್ಬರೂ ನಾಲ್ಕು ಬಸ್ಸು ಬದಲಾಯಿಸಿ ಹೋದೆವು.

ಮಾನ್ಯರೇ, ಇಲ್ಲಿಂದ ಮುಂದಿನದನ್ನು ನಿಮ್ಮ ಪತ್ರಿಕೆ ಅಚ್ಚು ಹಾಕಲಿಲ್ಲ. ಅಂಜಲೈ ಆ ಶನಿವಾರ ಐದಕ್ಕೂ ಮುಂಚೆ ಇಬ್ಬರು ಹೆಂಗಸರ ಹೆಗಲು ಹಿಡಿದು ಕುಂಟುತ್ತ ರಸ್ತೆಗೆ ಬಂದು, ಮಗುಚಿದ ಮೀನಿನ ಬುಟ್ಟಿಯ ಮೇಲೆ ಕೂತಿದ್ದರು. ಮಗಳಿಗೆಂದು ಪರಿಹಾರದಲ್ಲಿ ಬಂದ ಒಂದು ಫ್ರಾಕು ಮಡಿಲಲ್ಲಿತ್ತು. ಮಧ್ಯಾಹ್ನದವರೆಗೆ ಕಾದರು. ಆಮೇಲಿನ ಶುಕ್ರವಾರ, ಇಪ್ಪತ್ತೊಂದಕ್ಕೆ, ಅದೇ ಕರಾವಳಿಯ ಒಬ್ಬ ಮುದಿ ಕನ್ಯಾಸ್ತ್ರೀ ಯಾರದೋ ಜೀಪು ಬೇಡಿ ತಂದು ಆಕೆಯನ್ನು ತಂಜಾವೂರಿಗೆ ಕರೆದೊಯ್ದರು. ಹೌದು, ನಿಮ್ಮ ದೇವರನ್ನೇ ಪೂಜಿಸುವ ಹೆಂಗಸು. ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಫೋಟೋಗಳಲ್ಲಿ ಮೂರನೆಯದು ಸೆಲ್ವಿಯದು. ಎದೆಗೆ ಸಮುದ್ರದ ನೀರು ಸೇರಿ, ಮಾತು ನಿಂತು, ಇಪ್ಪತ್ತನಾಲ್ಕು ದಿನ ಮಲಗಿದ್ದಳು. ಅವಳನ್ನು ನೋಡಿಕೊಳ್ಳುತ್ತಿದ್ದ ಆಯಾ ಅಂಜಲೈಗೆ ಹೇಳಿದಳಂತೆ: “ಸಂಕ್ರಾಂತಿ ಹೊತ್ತಿಗೆ ಸ್ವಲ್ಪ ಗೆಲುವಾಗಿದ್ದಳಮ್ಮ. ಗಂಜಿ ಕುಡಿದಳು. ಯಾರಾದರೂ ಬಂದರೆ ಬಾಗಿಲ ಕಡೆ ತಿರುಗುತ್ತಿದ್ದಳು. ಮತ್ತೆ ಜ್ವರ ಬಂತು, ಬುಧವಾರ ಹೋಗಿಬಿಟ್ಟಳು.” ಬುಧವಾರ ಎಂದರೆ ಹತ್ತೊಂಬತ್ತು.

ಹದಿನೈದನೇ ತಾರೀಖು ಬೆಳಗ್ಗೆ ಏಳಕ್ಕೆ ನಾವು ಇಡ್ಲಿ ತಿನ್ನುತ್ತಿದ್ದಾಗ, ಅದೇ ಊರಿನಲ್ಲಿ ಆ ಮಗು ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿತ್ತು. ತಾಯಿ ಬಂದಿದ್ದರೆ ಬದುಕುತ್ತಿತ್ತೋ ಇಲ್ಲವೋ, ನಾನು ಡಾಕ್ಟರಲ್ಲ. ಆದರೆ ತಾಯಿ ಬಂದಿರುತ್ತಿದ್ದಳು. ಇದನ್ನು ನೀವು ಯಾವ ವಾಕ್ಯದಲ್ಲಿ ಮುಚ್ಚುತ್ತೀರಿ?

ಇಷ್ಟನ್ನೂ ಹೇಳಿ ಅಂಜಲೈ ನನ್ನನ್ನು ಕೇಳಿದರು: “ಆವತ್ತು ನಿಮ್ಮ ಗಾಡಿ ಕೆಟ್ಟುಹೋಗಿತ್ತಾ ತಮ್ಮಾ?” ಆಕೆಯೇ ನಮಗೊಂದು ನೆಪ ಹುಡುಕಿಟ್ಟಿದ್ದರು. ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ಕೆಟ್ಟಿರಲಿಲ್ಲ ಅಕ್ಕಾ. ಸಭೆಗೆ ಹೊತ್ತಾಗುತ್ತೆ ಅಂತ ಹೊರಟುಬಿಟ್ಟೆವು. ನಾನೂ ಆ ಗಾಡಿಯಲ್ಲೇ ಇದ್ದೆ” ಎಂದೆ. ಆಕೆ ಬಯ್ಯಲಿಲ್ಲ. ಪ್ರೇಮಳ ಮುಖ ನೋಡಿದರು. ಆಮೇಲೆ ನನಗೆ, “ಎದ್ದು ಹೋಗು. ನನ್ನ ಕಣ್ಣಿಗೆ ಕಾಣಿಸಬೇಡ” ಎಂದರು. ಎದ್ದು ಬಂದೆ. ಪ್ರೇಮ ಮಾತ್ರ ಆ ದಿನ ಅಲ್ಲೇ ಉಳಿದಳು.

ಏಪ್ರಿಲ್‌ನಲ್ಲಿ ನಿಮ್ಮ ಪತ್ರಿಕೆಯ ‘ಗೌರವ ಪ್ರತಿ’ ಬಂತು. ಮುಖಪುಟದಲ್ಲಿ ಅಂಜಲೈ. ಕೆಳಗೆ: “ಅಲೆ ನನ್ನ ಕಂದನನ್ನು ಕೊಂಡುಹೋಯಿತು. ಆದರೆ ಹೇಳಲಾಗದ ಸಮಾಧಾನ ನನ್ನೊಳಗೆ ಹರಿದುಬಂತು.” ಅನುವಾದ ನನ್ನದಂತೆ! ಇಪ್ಪತ್ತು ವರ್ಷದಿಂದ ಮಕ್ಕಳ ತಪ್ಪು ತಿದ್ದುತ್ತಿದ್ದೇನೆ. ಇಷ್ಟು ದೊಡ್ಡ ತಪ್ಪು ಯಾವ ಮಗುವೂ ಮಾಡಿದ್ದಿಲ್ಲ. ನೀವು ಹಾಗೆ ಬರೆದ ದಿನ ಆ ಕಂದ ಸತ್ತಿದ್ದೇ ನಿಮಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ನಿಮಗಿರಲಿಲ್ಲ. ಕಥೆಗೆ ಅದು ಸತ್ತಿರಬೇಕಿತ್ತು, ಅಷ್ಟೇ.

ಕ್ಷಮಿಸಿಬಿಡಿ ಎಂದು ನಿಮ್ಮ ಕಡೆಯವರೊಬ್ಬರು ಫೋನು ಮಾಡಿ ಬುದ್ಧಿ ಹೇಳಿದರು. ಕ್ಷಮಿಸುವ ಹಕ್ಕು ಇರುವುದು ಅಂಜಲೈಗೆ. ಆಕೆ ನನ್ನನ್ನೇ ಕ್ಷಮಿಸಿಲ್ಲ. ನಿಮ್ಮನ್ನು ಮೇಲಿನವನು ಶಿಕ್ಷಿಸಲಿ ಎಂದು ಕಾಯುವಷ್ಟು ತಾಳ್ಮೆಯೂ ನನಗಿಲ್ಲ. ನಿಮಗೆ ಅವಮಾನವಾಗಬೇಕು, ಅದು ನನ್ನ ಕಣ್ಣೆದುರೇ ಆಗಬೇಕು. ಇದು ಸಣ್ಣತನ ಎಂದರೆ, ಹೌದು, ಸಣ್ಣತನವೇ. ಈ ಪತ್ರವನ್ನು ತಾಳವಾಡಿಯಲ್ಲಿ ಜೆರಾಕ್ಸ್ ಮಾಡಿಸಿ, ನಿಮ್ಮ ಪತ್ರಿಕೆಯ ಹಿಂಪುಟದಲ್ಲಿ ವಿಳಾಸವಿರುವ ಪ್ರತಿಯೊಂದು ಶಾಖೆಗೂ ಅಂಚೆಗೆ ಹಾಕಿದ್ದೇನೆ.

ನಾನು ಕೇಳುವುದು ಇಷ್ಟು. ಬರುವ ಡಿಸೆಂಬರ್ ಇಪ್ಪತ್ತಾರಕ್ಕೆ ನೀವು ಸುನಾಮಿಯ ವರ್ಷದ ಸ್ಮರಣ ಸಭೆ ಇಟ್ಟುಕೊಂಡಿದ್ದೀರಿ. ಆ ಗುರುವಾರದ ವಿಡಿಯೋ ಕ್ಯಾಸೆಟ್ಟು ನಿಮ್ಮ ಆಫೀಸಿನಲ್ಲಿದೆ. ಅದರ ಒಂದು ಮಾತನ್ನೂ ಕತ್ತರಿಸದೆ ಆವತ್ತು ಪರದೆಯ ಮೇಲೆ ಹಾಕಿ. ನಿಮ್ಮ ಸಭೆಯಲ್ಲಿ ತಮಿಳು ಬಲ್ಲವರು ನೂರಾರು ಜನರಿದ್ದಾರೆ. ಅಂಜಲೈ ಕೇಳಿದ್ದೇನು, ನೀವು ಹೇಳಿಸಿದ್ದೇನು ಎಂದು ಅವರೇ ಕೇಳಿಸಿಕೊಳ್ಳಲಿ. ಆಮೇಲೆ ನೀವು ಎದ್ದುನಿಂತು, ಆ ಗಾಡಿ ಏಕೆ ಹೋಗಲಿಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಕ್ಯಾಸೆಟ್ಟು ಕಳೆದುಹೋಗಿದೆ ಎಂದರೂ ಚಿಂತೆಯಿಲ್ಲ, ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಒಳಗೆ ಬರುವ ಒಬ್ಬೊಬ್ಬರಿಗೂ ಎರಡು ಭಾಷೆಯಲ್ಲೂ ಹೇಳುತ್ತೇನೆ. ಆವತ್ತು ಶಾಲೆಗೆ ಅರ್ಧವಾರ್ಷಿಕ ರಜೆ. ನನಗೆ ಯಾವ ಅವಸರವೂ ಇಲ್ಲ.

ಇಂತಿ,
ನಿಮ್ಮ ಸುಳ್ಳನ್ನು ತಪ್ಪಿಲ್ಲದ ತಮಿಳಿನಲ್ಲಿ ಹೇಳಿದವನು,
ಪ್ರಭುಸ್ವಾಮಿ
ಕನ್ನಡ ಶಿಕ್ಷಕ, ಪಣಕಹಳ್ಳಿ
ನವೆಂಬರ್ ೨೦೦೫