ಕೊನೆಯ ಚೀಟಿ

ಕ್ಲಿಂಚ್ ಕಣಿವೆ, ವರ್ಜೀನಿಯಾ
ಮಾರ್ಚ್ 9, 2023

ಮುದ್ದು ರೆಟಾ,

ನಿನ್ನ ಪುಸ್ತಕ ತಲುಪಿತು. ನಾಲ್ಕು ದಿನದಲ್ಲಿ ಓದಿ ಮುಗಿಸಿದೆ. ನಮ್ಮ ಟ್ರೇಲರ್ ಮನೆಯ ತೂತುಬಿದ್ದ ನೆಲ, ಶಾಲೆಯಲ್ಲಿ ಬಿಟ್ಟಿ ಊಟದ ಸಾಲಿಗೆ ನಿಲ್ಲುವಾಗಿನ ನಿನ್ನ ನಾಚಿಕೆ, ಗಣಿ ಮುಚ್ಚಿದ ಮೇಲೆ ನಿನ್ನಪ್ಪ ಹೇಳದೆ ಕೇಳದೆ ಹೊರಟುಹೋದದ್ದು, ಎಲ್ಲವನ್ನೂ ಇದ್ದಂತೆಯೇ ಬರೆದಿದ್ದೀಯ. ಪಕ್ಕದ ಮನೆ ಓಪಲ್, "ನಿನ್ನ ಮಗಳು ನಮ್ಮೂರ ಮಾನ ಹರಾಜು ಹಾಕಿದ್ದಾಳೆ ಕಣೇ ವರ್ನಾ" ಅಂದಳು. "ಇದ್ರೆ ತಾನೇ ಹರಾಜಾಗೋದು, ಸುಮ್ನಿರು" ಅಂದೆ.

ಬರೆಯಬೇಕಾದದ್ದು ಐದನೆಯ ಅಧ್ಯಾಯದ ಬಗ್ಗೆ. ಉಚಿತ ದಂತ ಶಿಬಿರದಲ್ಲಿ ನಮ್ಮ ಸರದಿ ಬರುವ ಮೊದಲೇ ಚೀಟಿಗಳು ಮುಗಿದವು, ಅದಕ್ಕೇ ಏಳು ವರ್ಷದ ನಿನ್ನ ತಮ್ಮ ಕೋಯ್ ಹಲ್ಲಿನ ಕೀವು ತಲೆಗೇರಿ ಸತ್ತ ಎಂದು ಬರೆದಿದ್ದೀಯ. ನಿನ್ನ ತಪ್ಪಲ್ಲ. ನಾನು ಹೇಳಿದ್ದನ್ನೇ ನೀನು ಬರೆದೆ.

ಚೀಟಿ ಮುಗಿದಿರಲಿಲ್ಲ, ರೆಟಾ. ಒಂದು ಉಳಿದಿತ್ತು.

ನೀನು ಕಾರಿನಲ್ಲಿ ಮಲಗಿದ್ದೆ. ಚೀಟಿ ಕೊಡುವವನು ನನ್ನನ್ನೂ ಕೋಯ್‌ನನ್ನೂ ನೋಡಿ, "ಒಂದೇ ಉಳಿದಿರೋದಮ್ಮ, ಇಬ್ಬರಲ್ಲಿ ಯಾರಿಗೆ?" ಅಂದ. ನನ್ನ ಮುಂದಿನ ಹಲ್ಲುಗಳು ಮುರಿದು ಎರಡು ವರ್ಷವಾಗಿತ್ತು. ಹೆದ್ದಾರಿ ಹೋಟೆಲಿನವನು ಹಿಂದಿನ ವಾರವಷ್ಟೇ, "ಈ ಬಾಯಿ ಇಟ್ಕೊಂಡು ಗಿರಾಕಿಗಳ ಮುಂದೆ ನಿಲ್ತೀಯಾ? ಹಲ್ಲು ಕಟ್ಟಿಸ್ಕೊಂಡು ಬಾ, ಕೆಲಸ ಕೊಡ್ತೀನಿ" ಅಂದಿದ್ದ. ಕೋಯ್, "ನಂಗೀಗ ನೋವಿಲ್ಲಮ್ಮ, ನೀನೇ ಹೋಗು" ಅಂದ. ನಾನು ಹೋದೆ.

ಶಿಬಿರದಲ್ಲೇ ಹಲ್ಲು ಕಟ್ಟಿಸಿಕೊಂಡು ಸೋಮವಾರ ಕೆಲಸಕ್ಕೆ ಸೇರಿದೆ. ದಿನಾ ಸಂಜೆ ಹೋಟೆಲಿನಿಂದ ಬೇಯಿಸಿದ ಬೀನ್ಸ್ ಕಾಳು, ಜೋಳದ ರೊಟ್ಟಿ ತರುತ್ತಿದ್ದೆ. ಅದನ್ನು ನಮ್ಮ ಒಳ್ಳೆಯ ವಾರ ಎಂದು ನೀನು ಬರೆದಿದ್ದೀಯ. ಆ ವಾರವೆಲ್ಲ ಕೋಯ್ ಒಂದೇ ಕಡೆಯಿಂದ ಅಗಿಯುತ್ತಿದ್ದ. ನೋಡಿಯೂ ನೋಡದಂತಿದ್ದೆ. ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿನ ಮಧ್ಯಾಹ್ನ ಮೇಜು ಒರೆಸುತ್ತಿದ್ದಾಗ ಶಾಲೆಯಿಂದ ಫೋನ್ ಬಂತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನಿಗೆ ನನ್ನ ಗುರುತು ಹತ್ತಲಿಲ್ಲ. ಇನ್ನೆರಡು ದಿನ ಉಸಿರಾಡಿದ, ಅಷ್ಟೇ.

ರಾಜಧಾನಿ ರಿಚ್ಮಂಡ್‌ಗೆ ಬಂದು ಶಾಸಕರ ಸಮಿತಿಯ ಮುಂದೆ ಐದನೆಯ ಅಧ್ಯಾಯವನ್ನು ನನ್ನ ಬಾಯಿಂದಲೇ ಹೇಳಬೇಕೆಂದು ಕರೆದಿದ್ದೀಯ. ಬಂದರೆ ನಡೆದದ್ದನ್ನೇ ಹೇಳುತ್ತೇನೆ. ಆಗ ನಿನ್ನನ್ನು ಸುಳ್ಳುಬುರುಕಿ ಅನ್ನುತ್ತಾರೆ, ಪುಸ್ತಕವನ್ನು ಯಾರೂ ನಂಬದೆ ಹೋಗಬಹುದು. ಬೇಡವೆಂದರೆ ಬರುವುದಿಲ್ಲ. ತೀರ್ಮಾನ ನಿನ್ನದು.

ಒಂದೂರಿಗೆಲ್ಲ ಒಂದೇ ಚೀಟಿ ಉಳಿಯುವಂತೆ ಮಾಡಿದವರ ಮೇಲೆ ನಿನಗಿರುವ ಸಿಟ್ಟು ಸುಳ್ಳಲ್ಲ. ಅದನ್ನು ಬಿಡಬೇಡ. ಅದರಲ್ಲಿ ನನ್ನ ಪಾಲನ್ನೂ ನನಗೆ ಕೊಡು.

ನಿನ್ನ ಅಮ್ಮ,
ವರ್ನಾ

ಮತ್ತೆ: ಮೇಲೆಯೂ ಒಂದು ಸುಳ್ಳಿದೆ. ಕೋಯ್ ತಾನಾಗಿ ಹಾಗೆ ಹೇಳಲಿಲ್ಲ. "ಈಗ ನೋವಿಲ್ಲ ಅಲ್ವಾ ಪುಟ್ಟಾ?" ಎಂದು ನಾನೇ ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ನನ್ನ ಮುಖ ನೋಡಿ ಹೂಂ ಅಂದ.