ಎಪ್ಪತ್ತೆಂಟರ ನಂತರದ ಚೌಕಗಳು

ಜನವರಿ 5, ಭಾನುವಾರ, ಬೆಳಿಗ್ಗೆ 11

ಮತ್ತೆ ಮೀಟಿಂಗ್. ತಿಂಗಳ ಮೊದಲ ಭಾನುವಾರ, ಊಟದ ಮೇಜು, ಅಧ್ಯಕ್ಷತೆ ನಮ್ಮ ಮನೆಯ ಹಣಕಾಸು ಮಂತ್ರಿಗಳದು. ಹೊರಗೆ ಇವರು ಶಾಲೆಯೊಂದರ ಗುಮಾಸ್ತರು, ಒಳಗೆ ನನ್ನ ಗಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾರೆ — ಹೆಂಡತಿ ಮಗಳ ಎದುರು ಕೂರಲಿಕ್ಕೆ!

ಈ ಸಲ ಹೊಸ ಚಾರ್ಟು. 'ಹದಿನೈದು ವರ್ಷದ ಗುರಿಗಳು.' ಸ್ವಂತ ಮನೆ ಹಸಿರು, ಮಗಳ ಓದು ಹಳದಿ, ನಿವೃತ್ತಿ ನೀಲಿ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವ ಮಹಾನುಭಾವರು ಬಣ್ಣದ ಪೆನ್ನುಗಳಿಗೆ ಎಷ್ಟು ಸುರಿದರು ಅಂತ ಕೇಳಿದೆ.

"ಅದು ಇನ್ವೆಸ್ಟ್‌ಮೆಂಟು ಕಣೇ."

ಮಗಳು ಮೇಜಿನಡಿ ನನ್ನ ಕಾಲು ತುಳಿದಳು. ನಗು ತಡೆಯುವಷ್ಟರಲ್ಲಿ ಸಾಕುಸಾಕಾಯಿತು.

ನನಗೂ ಒಂದು ಗೆರೆ ಬೇಕು ಅಂದೆ. ಹತ್ತೊಂಬತ್ತು ವರ್ಷದಿಂದ ಇನ್ನೊಬ್ಬರ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದೇನೆ. ಒಂದು ಮೆಷಿನ್ನು, ಬಾಡಿಗೆಗೆ ಹತ್ತಡಿ ಜಾಗ. ನನ್ನದೇ ಅಂಗಡಿ. ಅಷ್ಟೇ.

ಮಂತ್ರಿಗಳು ಪೆನ್ನು ಕಚ್ಚಿದರು. "ನೋಡೋಣ. ಎಲ್ಲಾದ್ರೂ ಜಾಗ ಮಾಡ್ಬೇಕಾಗತ್ತೆ."

ಜನವರಿ 7

ಜಾಗ ಮಾಡಿದ್ದಾರೆ. ಆರನೇ ವರ್ಷದಿಂದ ಕೆಂಪು ಗೆರೆ — 'ಅಂಗಡಿ'. ದುಡ್ಡು ಎಲ್ಲಿಂದ ಉದುರಿತು ಅಂತ ಬೆರಳಿಟ್ಟು ಹುಡುಕಿದೆ. 'ಅಮ್ಮ — ಔಷಧಿ, ಖರ್ಚು' ಅನ್ನುವ ಸಾಲು ಐದನೇ ವರ್ಷಕ್ಕೆ ನಿಂತಿದೆ. ಅತ್ತೆಗೆ ಆಗ ಎಪ್ಪತ್ತೆಂಟು. ಆಮೇಲಿನ ಚೌಕಗಳೆಲ್ಲ ಖಾಲಿ.

"ಏನ್ರೀ ಇದು?"

"ಸರಾಸರಿ ಆಯಸ್ಸು ಅಷ್ಟೇ ಅಲ್ವೇನೇ. ಭಾವನೆ ಬೇರೆ, ಪ್ಲಾನಿಂಗ್ ಬೇರೆ."

ಹೆತ್ತ ತಾಯಿ! ಇಂಥವರ ಜೊತೆ ಇಪ್ಪತ್ತು ವರ್ಷ ಬಾಳಿದ್ದೇನೆ. ಥೂ.

ಕೆಳಗೆ ಇಬ್ಬರೂ ಸಹಿ ಹಾಕಬೇಕಂತೆ. ಹಾಕಿದೆ.

ಫೆಬ್ರವರಿ 19, ಮಧ್ಯಾಹ್ನ, ಅಂಗಡಿಯಲ್ಲಿ

ಊಟದ ಬಿಡುವಿನಲ್ಲಿ ಅತ್ತೆಯ ಕನ್ನಡಕ ಮುಗಿಸಿದೆ. ಪೇಪರನ್ನು ಮೂಗಿಗೆ ಒತ್ತಿಕೊಂಡು ಓದುತ್ತಿದ್ದರು, ನೋಡಲಾಗುತ್ತಿರಲಿಲ್ಲ. ಮಂತ್ರಿಗಳು 'ಮುಂದಿನ ವರ್ಷದ ಬಾಬ್ತು' ಅಂದಿದ್ದರು. ಅವರಪ್ಪನ ಗಂಟೇನೂ ಅಲ್ಲ. ಮೂವತ್ತೈದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು ಅತ್ತೆ. ಪೆನ್ಷನ್ನು ಇವತ್ತಿಗೂ ಮಗನ ಕೈಗೇ ಹೋಗುತ್ತದೆ.

ಮಾರ್ಚ್ 2, ಭಾನುವಾರ

ಮೀಟಿಂಗಿಗೆ ಅತ್ತೆ ಬಂದರು. ಕರೆದವರು ಯಾರೂ ಇಲ್ಲ. ಬೀರುವಿಗೆ ಅಂಟಿಸಿದ್ದ ಚಾರ್ಟಿನ ಮುಂದೆ ನಿಂತು, ಹೊಸ ಕನ್ನಡಕದಲ್ಲಿ, ಒಂದೊಂದೇ ಸಾಲು.

"ಐದು ವರ್ಷ ಆದ್ಮೇಲೆ ನಾನೆಲ್ಲೋ?"

"ಅಮ್ಮಾ, ಅದು ಬರೀ ಅಂದಾಜು..."

"ಖರ್ಚು ಎಪ್ಪತ್ತೆಂಟಕ್ಕೆ ನಿಂತಿದೆ. ಪೆನ್ಷನ್ ಮಾತ್ರ ಕೊನೇ ಚೌಕದವರೆಗೂ ಬರ್ತಾನೇ ಇದೆ. ಸತ್ತೋಳಿಗೆ ಪೆನ್ಷನ್ ಯಾರಪ್ಪಾ ಕೊಡ್ತಾರೆ?"

ಇವರು ಎದ್ದು ಹೋಗಿ ನೋಡಿದರು. ಹೌದು! ತಾಯಿಯನ್ನು ಸಾಯಿಸಿಯೂ ಅವಳ ಪೆನ್ಷನ್ನು ಹತ್ತು ವರ್ಷ ಜಮಾ ಮಾಡಿಕೊಂಡಿದ್ದಾರೆ. ಮುಖದಲ್ಲಿ ಕಂಡದ್ದು ನಾಚಿಕೆಯಲ್ಲ. ಟೋಟಲ್ ತಪ್ಪಿತಲ್ಲ ಅನ್ನುವ ಸಂಕಟ.

ಅತ್ತೆ ಕೂಗಾಡಲಿಲ್ಲ. "ನನ್ನ ಪಾಸ್‌ಬುಕ್ ಕೊಡು" ಅಂದರು. ತಂದುಕೊಟ್ಟರು. ಆಮೇಲೆ ಕೆಳಗಿನ ಸಹಿಗಳನ್ನು ನೋಡಿ, "ನಿನ್ ಕೈಲೂ ಹಾಕಿಸ್ಕೊಂಡಿದಾನೆ, ಪಾಪ" ಅಂತ ನನ್ನ ಭುಜ ತಟ್ಟಿ ಒಳಗೆ ಹೋದರು.

ಪಾಪ. ನಾನು.

ಮಾರ್ಚ್ 11

ಹೊಸ ಚಾರ್ಟು. 'ಅಮ್ಮ' ಈಗ ಎಂಬತ್ತೆಂಟರವರೆಗೆ. ಪೆನ್ಷನ್ ಸಾಲು ಇಲ್ಲ. ಕೆಂಪು ಗೆರೆಯೂ ಇಲ್ಲ.

"ಸಾರಿ ಕಣೇ. ಎಲ್ಲಿಂದಾದ್ರೂ ಕತ್ತರಿಸ್ಲೇಬೇಕಲ್ಲ."

ಕತ್ತರಿಸುವುದೊಂದೇ ಬರುತ್ತದೆ ಇವರಿಗೆ. ಆದರೆ ಬರೆದುಬಿಡಬೇಕು, ಇಲ್ಲಿ ಯಾರೂ ಓದುವುದಿಲ್ಲ — ಮೊದಲು ಉಕ್ಕಿದ ಸಿಟ್ಟು ಇವರ ಮೇಲಲ್ಲ. ಅತ್ತೆಯ ಮೇಲೆ. ಇನ್ನೂ ಹದಿನೈದು ವರ್ಷ ಇರುತ್ತಾರಾ ಅಂತ. ಅರ್ಧ ನಿಮಿಷ ಇದ್ದಿರಬಹುದು ಆ ಸಿಟ್ಟು. ಸಾಲದೇ?

ಜನವರಿಯಲ್ಲಿ ಥೂ ಅಂತ ಬರೆದು, ಅದೇ ಪೆನ್ನಲ್ಲಿ ಸಹಿ ಹಾಕಿದವಳು. ಮಂತ್ರಿಗಳಿಗೆ ತಕ್ಕ ಮಡದಿ.

ಮಾರ್ಚ್ 29, ಸಂಜೆ 4

ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಬಂದು ಮಂಚದ ತುದಿಯಲ್ಲಿ ಕೂತರು.

"ಆ ಮೆಷಿನ್ನಿಗೆ ಎಷ್ಟಾಗತ್ತೆ?"

"ಯಾವ ಮೆಷಿನ್ನು ಅತ್ತೆ?"

"ನಾಟಕ ಆಡ್ಬೇಡ. ಮೊಮ್ಮಗಳು ಅಂಗಡಿ ವಿಷ್ಯ ಹೇಳಿದ್ಲು. ಪೆನ್ಷನ್ ಈಗ ನನ್ ಕೈಲಿದೆ. ಹಳೇ ಡೆಪಾಸಿಟ್ ಒಂದಿದೆ, ನಿನ್ ಗಂಡಂಗೆ ಗೊತ್ತಿಲ್ಲ. ಈ ಮನೇಲಿ ನಾನೂ ಒಬ್ಬಳು ಮನುಷ್ಯಳು ಅಂತ ಕಂಡೋಳು ನೀನೊಬ್ಬಳೇ ಕಣಮ್ಮಾ. ಅವನ ಚಾರ್ಟಿಗೆ ಯಾಕೆ ಕಾಯ್ತೀಯ?"

ಹೇಳಬೇಕಿತ್ತು. ಆ ಖಾಲಿ ಚೌಕಗಳನ್ನು ನಾನೂ ನೋಡಿದ್ದೆ, ಅಲ್ಲಿ ನನ್ನ ಅಂಗಡಿ ಹೂಡಿದ್ದೆ ಅಂತ. ಬಾಯಿಂದ ಹೊರಬಿದ್ದದ್ದು ಒಂದೇ ಮಾತು — "ಹೂಂ ಅತ್ತೆ."

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 10

ಮೀಟಿಂಗ್ ಇಲ್ಲ. ಮಂತ್ರಿಗಳು ಒಬ್ಬರೇ ಮೇಜಿನ ಮುಂದೆ, ಇಸ್ತ್ರಿ ಅಂಗಿಯಲ್ಲಿ. ಈ ದಿನ ಅವರನ್ನು ನೋಡಿ ನಗು ಬರುತ್ತಿಲ್ಲ. ಅವರು ಬಚ್ಚಿಡಲಿಲ್ಲವಲ್ಲ, ದೊಡ್ಡ ಅಕ್ಷರದಲ್ಲಿ ಬರೆದು ಬೀರುವಿಗೆ ಅಂಟಿಸಿದರು. ನಾನು?

ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜಾಗ ಖಾಲಿಯಾಗಿದೆಯಂತೆ. ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. "ಬಾರೇ ಬೇಗ, ಬೇರೆಯೋರ ಪಾಲಾಗತ್ತೆ!"

ಹೇಳಿಬಿಡುತ್ತೇನೆ. ದಾರಿಯಲ್ಲೇ. ಜಾಗ ನೋಡುವ ಮೊದಲೇ.

ಇಲ್ಲ... ನೋಡಿಕೊಂಡು ಬಂದ ಮೇಲೆ. ಅಡ್ವಾನ್ಸ್ ಒಂದು ಕೊಟ್ಟುಬಿಡಲಿ, ಆಮೇಲೆ —