ಗೈರುಹಾಜರಾದ ಕುದುರೆಗೆ ಮನೆಭೇಟಿಯ ಶುಲ್ಕ

ಬಳ್ಳಾರಿ ಜಿಲ್ಲೆಯ ಸಮಸ್ತ ನಾಲ್ಕು ಕಾಲಿನ ಪ್ರಜೆಗಳ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯ ಪಶುವೈದ್ಯಾಧಿಕಾರಿಗಳೇ,

ನನ್ನದು ಎನ್ನುವ ಕುದುರೆ ಇಲ್ಲ. ಈ ಒಂದು ಮಾತನ್ನು ತಾವು ನಂಬುವುದಾದರೆ ಉಳಿದ ಪತ್ರವನ್ನು ಓದುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ನಂಬುವುದಿಲ್ಲವೆಂದು ಒಂದು ವರ್ಷದ ಅನುಭವದಿಂದ ತಿಳಿದಿರುವುದರಿಂದಲೇ ಪತ್ರಿಕೆಯ ಮೂಲಕ, ಹತ್ತು ಜನರ ಎದುರಿಗೆ ಹೇಳುತ್ತಿದ್ದೇನೆ. ನನ್ನಲ್ಲಿಲ್ಲದ ಕುದುರೆಯನ್ನು ನೋಡಲು ತಮ್ಮ ಇಲಾಖೆಯವರು ಸಿರುಗುಪ್ಪದ ನನ್ನ ಮನೆಗೆ ಮೇಲಿಂದ ಮೇಲೆ ಬಂದರು. ಹಿತ್ತಿಲಿನಲ್ಲಿ ನಿಂತು ನುಗ್ಗೆ ಗಿಡವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮಜ್ಜಿಗೆ ಕುಡಿದರು. “ಕುದುರೆ ಗೈರುಹಾಜರು” ಎಂದು ಬರೆದುಕೊಂಡು ಹೋದರು. ಹೋದ ಪ್ರತಿ ಸಲವೂ ಮನೆಭೇಟಿಯ ಶುಲ್ಕ ಕಟ್ಟಬೇಕೆಂದು ನೋಟೀಸು ಬಂತು. ಅದೂ ಎತ್ತು ಎಮ್ಮೆಗಳ ದರದಲ್ಲಿ ಅಲ್ಲ, ಅದರ ಮೂರರಷ್ಟಿರುವ ಕುದುರೆಯ ದರದಲ್ಲಿ! ಎತ್ತು ದುಡಿಯುವ ಪ್ರಾಣಿಯಂತೆ, ಎಮ್ಮೆ ಹಾಲು ಕೊಡುವ ಪ್ರಾಣಿಯಂತೆ, ಕುದುರೆ ಮಾತ್ರ ಷೋಕಿಯ ಪ್ರಾಣಿಯಂತೆ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಇಂಗ್ಲಿಷ್ ದೊರೆಗಳು ಕುದುರೆ ಏರಿ ತಿರುಗುತ್ತಿದ್ದಾಗ ಮಾಡಿದ ಪಟ್ಟಿ ಇದು ಎಂದು ತಮ್ಮವರೇ ಹೇಳಿದರು. ದೊರೆಗಳು ಇಳಿದು ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಗಳಲ್ಲಿ ಬೆಲ್ಲದ ಪೆಂಟೆ ಹೇರಿದ ಜಟಕಾ ಎಳೆಯುತ್ತ ಬಾಯಲ್ಲಿ ನೊರೆ ಸುರಿಸುವ ಕುದುರೆಯನ್ನು ಒಮ್ಮೆ ನಿಲ್ಲಿಸಿ, ಅದು ಯಾವ ಷೋಕಿಯಲ್ಲಿದೆ ಎಂದು ತಾವು ವಿಚಾರಿಸಬಾರದೇ?

ನಾನು ಇಲ್ಲಿನ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಸೈಕಲ್ಲನ್ನು ಬಿಟ್ಟರೆ ನನ್ನ ಹೆಸರಿನಲ್ಲಿ ಇನ್ನೊಂದು ವಾಹನವಿರಲಿಲ್ಲ. ಹೀಗಿದ್ದವನು ಕುದುರೆಯ ಮಾಲೀಕನಾದದ್ದು ಹೇಗೆಂದು ತಮ್ಮ ದಾಖಲೆಗಳಲ್ಲಿ ಬರೆದಿಲ್ಲ. ನಾನೇ ಹೇಳಬೇಕು.

ಹೋದ ವರ್ಷದ ಬೇಸಿಗೆಯಲ್ಲಿ ನನ್ನ ಮಗಳು ಅಕ್ಕನಾಗಮ್ಮನ ಮದುವೆ. ಗಂಡು ಕುರುಗೋಡಿನವನು, ಹೆಸರು ಚಂದ್ರಣ್ಣ. ಬೀಗರ ಮನೆತನದ ಪದ್ಧತಿಯಂತೆ ಮದುಮಗ ಕುದುರೆ ಏರಿ ಹೆಣ್ಣಿನ ಬಾಗಿಲಿಗೆ ಬರಬೇಕು. ಅದಕ್ಕಾಗಿ ತಮ್ಮ ಊರಿನ ಸುಂಕಣ್ಣನ ಕುದುರೆಯನ್ನು ಅವರು ಲಾರಿಯಲ್ಲಿ ಏರಿಸಿಕೊಂಡು ಬಂದಿದ್ದರು. ಸುಂಕಣ್ಣನಿಗೆ ಹೆಂಡತಿ ಮಕ್ಕಳಿಲ್ಲ; ಮೆರವಣಿಗೆಗಳಿಗೆ ಕುದುರೆ ಬಾಡಿಗೆಗೆ ಕೊಟ್ಟು ಅವನೂ ಕುದುರೆಯೂ ಉಣ್ಣುತ್ತಾರೆ. ಕುದುರೆಯೆಂದರೆ ವಯಸ್ಸಾಗತೊಡಗಿದ ಒಂದು ಬಿಳಿ ಹೆಣ್ಣು ಕುದುರೆ. ಬಳ್ಳಾರಿಯಲ್ಲಿ ಜಟಕಾ ಎಳೆಯುತ್ತಿದ್ದಾಗ ಯಾರೋ ಸಾಬರು ಇಟ್ಟ ಹೆಸರು ಬಿಜ್ಲಿ. ಮಿಂಚಿನ ಹೆಸರಿಟ್ಟುಕೊಂಡು ಅಷ್ಟು ನಿಧಾನವಾಗಿ ನಡೆಯುವ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ.

ಬೀಗರು ಇಳಿದುಕೊಂಡಿದ್ದ ಮನೆಯಲ್ಲಿ ಬಿಜ್ಲಿ ಯಾರೂ ನೋಡದಾಗ ಅಕ್ಕಿ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ಬಿರಿಯುವಷ್ಟು ತಿಂದುಬಿಟ್ಟಿತ್ತು. ಬೆಳಗಿನ ಮೆರವಣಿಗೆ ಬ್ಯಾಂಡಿನೊಂದಿಗೆ ನಮ್ಮ ಹಂದರದ ಒಳಗೆ ಬಂತು. ಬಾಗಿಲಿಗೆ ಇನ್ನೇನು ನಾಲ್ಕು ಹೆಜ್ಜೆ ಎನ್ನುವಾಗ ಕುದುರೆ ನಿಂತಿತು, ತಿರುಗಿ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಂಡಿತು, ಮುಂಗಾಲಿನಿಂದ ನೆಲ ಕೆರೆಯಿತು, ಮೆಲ್ಲಗೆ ಮಂಡಿಯೂರಿತು. ಮದುಮಗನನ್ನು ಜನ ಎತ್ತಿಕೊಳ್ಳುವಷ್ಟು ಹೊತ್ತು ಮರ್ಯಾದೆಯಿಂದ ಕಾದು, ಬಾಗಿಲಿಗೆ ಅಡ್ಡಲಾಗಿ ಮಲಗಿಬಿಟ್ಟಿತು.

ಗಂಡಿನ ಸೋದರತ್ತೆ ವೀರಭದ್ರಮ್ಮನವರು ಮುಂದೆ ಬಂದರು. ಹೊಸ್ತಿಲು ದಾಟುವವರೆಗೆ ಮದುಮಗನ ಕಾಲು ನೆಲಕ್ಕೆ ತಾಗಬಾರದು ಎಂದರು. ಬೇರೆ ದಾರಿ ಕಾಣದೆ ಅವನನ್ನು ಒಂದು ಅಕ್ಕಿ ಚೀಲದ ಮೇಲೆ ನಿಲ್ಲಿಸಿದೆವು. ಬಾಸಿಂಗ ಕಟ್ಟಿಕೊಂಡ ಹುಡುಗ ಸೆಕೆಯಲ್ಲಿ ಚೀಲದ ಮೇಲೆ ನಿಂತು ಬೆವರತೊಡಗಿದ.

“ಅತ್ತಿ, ನಾ ಇಳೀಲೇನು?” ಎಂದು ಕೇಳಿದ.

“ನಿಂದರಲೇ ಸುಮ್ನ!” ಎಂದವರೇ ಅವರು ನನ್ನ ಕಡೆ ತಿರುಗಿದರು. “ಬೀಗರ, ಕುದುರಿ ಎದ್ರ ಮದಿವಿ. ಬಾಗಲಾಗ ಹೆಣ ಬಿದ್ದ ಮನಿಯಿಂದ ನಾವು ಹೆಣ್ಣ ಒಯ್ಯಂಗಿಲ್ಲ ನೋಡ್ರಿ.”

ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸುಂಕಣ್ಣ ಆ ಮಾತಿಗೆ ಗೊಳೋ ಎಂದು ಅಳತೊಡಗಿದ. ಒಳಗಿನ ಕಿಟಕಿಯಿಂದ ಮಗಳು ಕೂಗಿದಳು: “ಯಪ್ಪಾ, ಮದಿವಿ ಇರ್ಲಿ, ಮೊದಲ ಡಾಕ್ಟರ್ನ ಕರ್ಕೊಂಡ್ ಬರ್ರಿ! ಪಾಪ, ಹೆಂಗ ಒದ್ದಾಡಾಕತ್ತೈತಿ ನೋಡ್ರಿ.”

ಸೈಕಲ್ ತುಳಿದುಕೊಂಡು ದನದ ದವಾಖಾನೆಗೆ ಓಡಿದೆ. ಡಾಕ್ಟರು ಮೈಸೂರಿನ ಕಡೆಯವರು, ವಯಸ್ಸು ಚಿಕ್ಕದು, ಮಾತು ಮೃದು.

“ಕುದುರೆನ ಇಲ್ಲಿಗೆ ತನ್ನಿ, ಪುಕ್ಕಟೆ ನೋಡ್ತೀನಿ” ಎಂದರು.

“ನಡಿಯಂಗಿದ್ರ ಮದಿವೀನ ಆಗಿ ಹೋಗ್ತಿತ್ತಲ್ರಿ ಸಾಹೇಬ್ರ. ಬಾಗಲಾಗ ಮಲಗೇತಿ.”

“ಹಾಗಾದ್ರೆ ಮನೆಭೇಟಿ ಆಗುತ್ತೆ. ಶುಲ್ಕ ಇದೆ, ಬಂಡಿ ನೀವೇ ತರಬೇಕು. ಕುದುರೆ ನಿಮ್ಮದಾ?”

“ಅಲ್ರಿ, ಕುರುಗೋಡು ಸುಂಕಣ್ಣಂದು.”

ಅವರು ಪೆನ್ನು ಕೆಳಗಿಟ್ಟರು. “ಮನೆಭೇಟಿ ಅಂದ್ರೆ ಮಾಲೀಕನ ಮನೆಗೆ ಭೇಟಿ. ಮಾಲೀಕನ ಮನೆ ಬಳ್ಳಾರಿ ತಾಲ್ಲೂಕಲ್ಲಿದೆ. ನಾನು ಅಲ್ಲಿಗೆ ಹೋಗೋ ಹಾಗಿಲ್ಲ.”

“ಅಲ್ಲಿಗೆ ಯಾಕ್ ಹೋಗ್ತೀರಿ? ಕುದುರಿ ಇಲ್ಲೇ, ನಿಮ್ಮ ತಾಲೂಕಿನ್ಯಾಗ ಮಲಗೇತಿ!”

“ಮಲಗಿರಬಹುದು ಸ್ವಾಮಿ. ವಾಸ ಇಲ್ಲವಲ್ಲ.”

ಮಾನ್ಯರೇ, ಆ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ, ತಲೆ ಸುತ್ತು ಬಂತು. ಆದರೆ ಆ ಹುಡುಗನನ್ನು ದೂರುವುದು ಸರಿಯಲ್ಲ. ಅದಕ್ಕೂ ಹಿಂದೆ ರಸ್ತೆಯಲ್ಲಿ ಬಿದ್ದ ಒಂದು ಸರ್ಕಸ್ಸಿನ ಕುದುರೆಗೆ ಅವರು ಔಷಧಿ ಕೊಟ್ಟು ಬದುಕಿಸಿದ್ದರಂತೆ. ಮನೆಯಿಲ್ಲದ ಕುದುರೆಗೆ ಮನೆಭೇಟಿ ಮಾಡಿದ ತಪ್ಪಿಗೆ ತಮ್ಮ ಕಚೇರಿಯವರು ಔಷಧಿಯ ಬೆಲೆಯನ್ನು ಅವರ ಸಂಬಳದಲ್ಲೇ ಮುರಿದುಕೊಂಡರಂತೆ. ಬದುಕಿಸಿದ್ದಕ್ಕೆ ದಂಡ ಹಾಕಿಸಿಕೊಂಡವನು ಎರಡನೆಯ ಸಲ ಕೈ ಚಾಚುವ ಮುಂಚೆ ಯೋಚಿಸುವುದಿಲ್ಲವೇ?

ಕೊನೆಗೆ ಅವರೇ ದಾರಿ ಹೇಳಿದರು. “ಕುದುರೆ ನಿಮ್ಮದಾದ್ರೆ ಈ ಕ್ಷಣ ಬರ್ತೀನಿ. ಅವನು ನಿಮಗೆ ಕೊಟ್ಟೆ ಅಂತ ಬರೆದುಕೊಡಲಿ.”

ಮನೆಗೆ ಹಿಂದಿರುಗಿ ಹೇಳಿದರೆ ಸುಂಕಣ್ಣ ಕುದುರೆಯ ಕುತ್ತಿಗೆಯನ್ನು ತಬ್ಬಿಕೊಂಡ. “ನನ್ನ ಕೂಸ್ರೀ ಇದು. ಕೂಸನ್ನ ಯಾರರ ಮಂದಿಗೆ ಬರದು ಕೊಡ್ತಾರೇನ್ರಿ?”

“ನಾನೂ ಇವತ್ತ ಅದನ್ನ ಮಾಡಾಕ ನಿಂತೀನಲ್ಲೋ ಯಪ್ಪಾ” ಎಂದೆ. “ನನ್ನ ಕೂಸು ನಿಮ್ಮೂರಿಗಿ ಬರ್ತೈತಿ. ನಿನ್ನ ಕೂಸು ನಮ್ಮನಿಗಿ ಬರ್ಲಿ.”

ಸುಂಕಣ್ಣ ನನ್ನ ಮುಖವನ್ನೇ ನೋಡಿದ, ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡ, ಹೆಬ್ಬೆಟ್ಟು ಮುಂದೆ ಚಾಚಿದ. ಆದರೆ ಬರೀ ಕಾಗದದ ಮೇಲೆ ಕೂಸನ್ನು ಕೊಡಲು ಅವನು ಒಪ್ಪಲಿಲ್ಲ. ನನ್ನ ಹೆಂಡತಿ ಸಾವಂತ್ರಮ್ಮ ಕುದುರೆಯ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಅವನು ಎಲೆ ಅಡಿಕೆ ಹಿಡಿದು “ನಿಮ್ಮ ಮನಿ ತುಂಬಿಸಿಕೊಳ್ರಿ” ಎಂದ. ಅಕ್ಕಿ ಚೀಲದ ಮೇಲಿನ ಮದುಮಗ ಇದನ್ನೆಲ್ಲ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಅವನಿಗಿಂತ ಮೊದಲು ಕುದುರೆಯ ಶಾಸ್ತ್ರ ಮುಗಿಯಿತು.

ಬಂಡಿಯೆಂದು ಸಿಕ್ಕಿದ್ದು ನಮ್ಮ ಮಿಲ್ಲಿನ ಟ್ರಾಕ್ಟರು. ಮಾವಿನ ತೋರಣ ಕಟ್ಟಿಕೊಂಡ ಅದರಲ್ಲಿ ಡಾಕ್ಟರು ಬಂದಿಳಿದಾಗ, ಯಾರೋ ದೊಡ್ಡವರು ಬಂದರೆಂದು ತಿಳಿದು ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದರು. ವೀರಭದ್ರಮ್ಮನವರು ಯಾರೆಂದು ವಿಚಾರಿಸದೆ ಆರತಿ ಎತ್ತಿಬಿಟ್ಟರು. ಡಾಕ್ಟರು ಆರತಿಯ ಕುಂಕುಮವನ್ನು ಹಣೆಯಿಂದ ಒರೆಸಿಕೊಳ್ಳದೆಯೇ ಕುದುರೆಗೆ ಸೂಜಿ ಚುಚ್ಚಿದರು, ಮೂಗಿನೊಳಗೆ ರಬ್ಬರ್ ನಳಿಗೆ ಇಳಿಸಿ ಅಗಸೆ ಎಣ್ಣೆ ಕುಡಿಸಿದರು, ಎಲ್ಲರೂ ಸೇರಿ ಎಬ್ಬಿಸಿ ನಡೆಸಬೇಕೆಂದರು. ಬೀಗರು ಒಂದು ಕಡೆ, ನಾವು ಒಂದು ಕಡೆ ಹೆಗಲು ಕೊಟ್ಟು ಎಬ್ಬಿಸಿದೆವು. ಸುಂಕಣ್ಣ ಹಂದರದ ಸುತ್ತ ನಡೆಸಿದ. ಸ್ವಲ್ಪ ಹೊತ್ತಾದ ಮೇಲೆ ಒಂದು ಸಪ್ಪಳ ಬಂತು. ಅದು ಎಷ್ಟು ದೊಡ್ಡದೆಂದರೆ ಬ್ಯಾಂಡಿನ ದೊಡ್ಡ ಪೀಪಿಯವನು ಗಾಬರಿಯಿಂದ ತನ್ನ ಪೀಪಿಯನ್ನೇ ನೋಡಿಕೊಂಡ. ಬಿಜ್ಲಿ ನಿಟ್ಟುಸಿರು ಬಿಟ್ಟಿತು, ಕಿವಿ ನಿಮಿರಿಸಿತು.

“ಶುಭ ಆತು” ಎಂದರು ವೀರಭದ್ರಮ್ಮನವರು. ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಪಂಚಾಂಗ ನೋಡಿ ಮುಹೂರ್ತ ಇನ್ನೂ ಮೀರಿಲ್ಲ ಎಂದರು. ಮದುಮಗನನ್ನು ಚೀಲದ ಮೇಲಿಂದಲೇ ಎತ್ತಿ ಹೊಸ್ತಿಲು ದಾಟಿಸಿದೆವು, ಮದುವೆಯಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಕುದುರೆಯ ದರದ ಶುಲ್ಕವನ್ನು ಬಾಯಿ ಮುಚ್ಚಿಕೊಂಡು ಕಟ್ಟಿದೆ. ನಾಲ್ಕು ದಿನ ಸುಧಾರಿಸಿಕೊಂಡು ಬಿಜ್ಲಿ ಸುಂಕಣ್ಣನ ಜೊತೆ ಕುರುಗೋಡಿಗೆ ಹೋಯಿತು. ಆದರೆ ತಮ್ಮ ದಾಖಲೆಯಲ್ಲಿ ಅದು ನನ್ನ ಮನೆ ಬಿಟ್ಟು ಹೋಗಲಿಲ್ಲ. ಹೆಸರು ತೆಗೆಯಿರೆಂದು ಅರ್ಜಿ ಬರೆದೆ. ಬಳ್ಳಾರಿಯಿಂದ ತಮ್ಮ ಇನ್‌ಸ್ಪೆಕ್ಟರು ಬಂದರು.

“ಕುದುರೆ ಎಲ್ಲಿ?” ಎಂದರು.

“ಕುರುಗೋಡಾಗ ಐತ್ರಿ, ತನ್ನ ಮನ್ಯಾಗ.”

“ಅದರ ಮನೆ ಇದು. ಮನೆಯಲ್ಲಿಲ್ಲ ಅಂದ್ರೆ ಗೈರುಹಾಜರು.”

ಹೀಗೆ ಅವರು ಬಂದಾಗಲೆಲ್ಲ ಬಿಜ್ಲಿ ಗೈರುಹಾಜರಾಯಿತು, ಶುಲ್ಕ ಮಾತ್ರ ತಪ್ಪದೆ ಹಾಜರಾಯಿತು. ಕಚೇರಿಗೆ ಹೋಗಿ ಕೇಳಿದರೆ, ಕುದುರೆ ನಿಮ್ಮದಲ್ಲವೆಂದು ತೀರ್ಮಾನಿಸಲು ಮೊದಲು ಕುದುರೆಯನ್ನು ನೋಡಬೇಕು, ತಂದು ತೋರಿಸಿರಿ ಎಂದರು. ಮಿಲ್ಲಿನವರ ಕೈಕಾಲು ಹಿಡಿದು ಲಾರಿ ಕಳಿಸಿ ಕರೆಸಿದೆ. ಇನ್‌ಸ್ಪೆಕ್ಟರು ಬಂದರು, ನೋಡಿದರು, ಬರೆದರು: “ಕುದುರೆ ಹಾಜರಿದೆ. ಮಾಲೀಕರ ಮನೆಯಲ್ಲಿ ಸುಖವಾಗಿದೆ.” ಪಕ್ಕದಲ್ಲಿ ನಿಂತಿದ್ದ ಸುಂಕಣ್ಣನನ್ನು ನನ್ನ ಆಳು ಎಂದು ಬರೆದುಕೊಂಡರು. ಆ ಭೇಟಿಗೂ ಶುಲ್ಕ. ಮಾನ್ಯರೇ, ಇಷ್ಟರಲ್ಲಿ ನಮ್ಮ ರಾಜ್ಯದ ಹೆಸರೇ ಬದಲಾಯಿತು. ಮೈಸೂರು ಹೋಗಿ ಕರ್ನಾಟಕ ಬಂತು. ನನ್ನ ಹೆಸರಿನ ಎದುರಿನ ಕುದುರೆ ಹೋಗಲಿಲ್ಲ!

ಇದನ್ನೂ ನಗೆಯಲ್ಲಿ ಕಳೆಯಬಹುದಿತ್ತು. ಆದರೆ ಈ ಬೇಸಿಗೆಯಲ್ಲಿ ಸುಂಕಣ್ಣ ಬಸ್ಸಿಳಿದು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತ. ಬಿಜ್ಲಿ ಗಬ್ಬವಾಗಿತ್ತು, ದಿನ ತುಂಬುತ್ತ ಬಂದಿತ್ತು. ಈ ವಯಸ್ಸಿನಲ್ಲಿ ಈಯುವುದು ಕಷ್ಟವಾದೀತೆಂದು ಆ ಕಡೆಯ ಡಾಕ್ಟರನ್ನು ಕರೆಯಲು ಹೋದರೆ, ಈ ಕುದುರೆ ಸಿರುಗುಪ್ಪದ್ದು, ನಮಗೆ ಸಂಬಂಧವಿಲ್ಲ ಎಂದರಂತೆ.

“ಅಕಿ ಸತ್ರ ನಾ ಉಳಿಯಂಗಿಲ್ರಿ ಯಜಮಾನ್ರ” ಎಂದ.

ಸಾವಂತ್ರಮ್ಮ ಒಳಗಿನಿಂದ ಬಂದಳು. “ಉಡಿ ತುಂಬಿ ಮನಿ ತುಂಬಿಸಿಕೊಂಡೀನಿ. ಅಂದಮ್ಯಾಲೆ ಇದು ಆಕಿ ತವರುಮನಿ ಇದ್ದಂಗ. ಕರ್ಕೊಂಡ್ ಬಾ, ಇಲ್ಲೇ ಹಡೀಲಿ” ಎಂದಳು.

ಬಂತು. ನುಗ್ಗೆ ಗಿಡದ ಕೆಳಗೆ ಚಪ್ಪರ ಹಾಕಿದೆವು. ಹೋದ ವಾರ ನಸುಕಿನಲ್ಲಿ ನೋವು ಶುರುವಾಯಿತು. ಮರಿಯ ಒಂದು ಕಾಲು ಮಾತ್ರ ಹೊರಗೆ ಕಂಡಿತು, ಇನ್ನೊಂದು ಬರಲೊಲ್ಲದು. ಸುಂಕಣ್ಣ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ನಾನು ಹಾಳೆ ತೆಗೆದುಕೊಂಡು ಮನೆಭೇಟಿಯ ಅರ್ಜಿ ಬರೆಯಲು ಕೂತೆ. ಹೌದು, ಒಂದು ವರ್ಷದಲ್ಲಿ ತಾವು ನನ್ನನ್ನು ಅಷ್ಟರಮಟ್ಟಿಗೆ ಪಳಗಿಸಿದ್ದೀರಿ. ಸಾವಂತ್ರಮ್ಮ ಹಾಳೆಯನ್ನು ಕಿತ್ತು ಒಲೆಗೆ ಹಾಕಿ, ತಾನೇ ಡಾಕ್ಟರರ ಮನೆಗೆ ಓಡಿದಳು.

ಅವರು ಬನಿಯನ್ ಮೇಲೇ ಸೈಕಲ್ ಏರಿ ಬಂದರು. ನಾನು ಶುಲ್ಕದ ಮಾತೆತ್ತುವ ಮುಂಚೆ ಕೈ ಅಡ್ಡ ಹಿಡಿದರು. “ನಾ ಡಾಕ್ಟರಾಗಿ ಬಂದಿಲ್ರಿ ಯಜಮಾನ್ರ. ನಿಮ್ಮನ್ಯಾಗ ಹೆರಿಗಿ ಐತಂತ ಅಮ್ಮ ಹೇಳಿದ್ರು, ನೋಡಾಕ ಬಂದೀನಿ.” ಮೈಸೂರಿನ ನಾಲಿಗೆ ಒಂದು ವರ್ಷದಲ್ಲಿ ಇಷ್ಟು ಹೊರಳಿತ್ತು. ಭುಜದವರೆಗೆ ಸೋಪು ಹಚ್ಚಿಕೊಂಡು ಕೈ ಇಳಿಸಿದರು, ಮಡಿಚಿಕೊಂಡಿದ್ದ ಕಾಲನ್ನು ಬಿಡಿಸಿ ಸರಿಮಾಡಿದರು. ಬಿಸಿಲು ಬೀಳುವ ಹೊತ್ತಿಗೆ ಮರಿ ಹುಟ್ಟಿತು. ಗಂಡು ಮರಿ, ತಾಯಿಯ ಹಾಗೆ ಬೆಳ್ಳಗಿಲ್ಲ, ಹುರಿದ ಕಡಲೆಯ ಬಣ್ಣ. ಡಾಕ್ಟರು ನಮ್ಮ ಮನೆಯಲ್ಲಿ ಒಂದು ಲೋಟ ಚಹಾ ಕುಡಿದರು, ಬೇರೇನನ್ನೂ ಮುಟ್ಟಲಿಲ್ಲ. ಆ ಬೆಳಿಗ್ಗೆ ಅವರು ಬಂದದ್ದು ಮನೆಭೇಟಿಯಲ್ಲ, ನೆಂಟಸ್ತನ. ಅದನ್ನು ತಮ್ಮ ಯಾವ ಪಟ್ಟಿಗೂ ಸೇರಿಸಿಕೊಂಡು ಅವರಿಗೆ ತೊಂದರೆ ಕೊಡಬಾರದೆಂದು ಕೈಮುಗಿದು ಕೇಳುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಬಿಜ್ಲಿಯನ್ನು ಸುಂಕಣ್ಣನ ಹೆಸರಿಗೆ ಹಿಂದಿರುಗಿಸಿರಿ. ನುಗ್ಗೆ ಗಿಡವನ್ನು ನೋಡಿದ್ದಕ್ಕೆ ಹಾಕಿದ ಶುಲ್ಕವನ್ನು ರದ್ದುಪಡಿಸಿರಿ. ದುಡಿಯುವ ಕುದುರೆಗೆ ದುಡಿಯುವ ಎತ್ತಿನ ದರವನ್ನೇ ಹಾಕಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಎಂದರೇನೆಂದು ತಮ್ಮ ನಿಯಮದಲ್ಲಿ ತಿದ್ದಿ ಬರೆಯಿರಿ. ಬ್ರೂಸ್‌ಪೇಟೆಯ ಜಟಕಾ ಕುದುರೆ ರಸ್ತೆಯಲ್ಲಿ ಕುಸಿದರೆ ಅದರ ಮನೆ ಎಲ್ಲಿದೆಯೆಂದು ಹುಡುಕುತ್ತ ಕೂಡುತ್ತೀರಾ? ನೋವು ತಿನ್ನುವ ಪ್ರಾಣಿ ಎಲ್ಲಿ ಮಲಗಿದೆಯೋ ಆ ಹೊತ್ತಿಗೆ ಅದೇ ಅದರ ಮನೆ. ಅಲ್ಲಿಗೆ ಹೋಗಿರಿ.

ಇನ್ನು ಹೊಸದಾಗಿ ಹುಟ್ಟಿದ ಮರಿ ಯಾರದು, ಸಿರುಗುಪ್ಪದ್ದೋ ಕುರುಗೋಡಿನದೋ ಎಂದು ತಮ್ಮ ಕಚೇರಿಯಿಂದ ವಿಚಾರಣೆ ಬರುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಅದು ಅದರ ತಾಯಿಯದು.

ಇಂತಿ,
ತಮ್ಮ ದಾಖಲೆಯಲ್ಲಿ ಅಶ್ವಪತಿ, ಊರಿನವರಿಗೆ ಅಕ್ಕಿ ಮಿಲ್ಲಿನ ಗುಮಾಸ್ತ,
ಹಾಲಸಿದ್ದಪ್ಪ
ಸಿರುಗುಪ್ಪ